ಪದ ಅವರದು, ಕಿವಿ ನನ್ನದು

ದಾಸರ ಪದಗಳನ್ನು ಒಟ್ಟುಮಾಡಿ ಮೊಟ್ಟಮೊದಲು ಅಚ್ಚು ಹಾಕಿಸಿದವರು ಒಬ್ಬ ಕ್ರೈಸ್ತ ಪಾದ್ರಿ. ಹರ್ಮನ್ ಮೋಗ್ಲಿಂಗ್ ಅಂತ ಹೆಸರು. ಜರ್ಮನಿಯವರು, ಬಾಸೆಲ್ ಮಿಷನ್ ಕಡೆಯಿಂದ 1836ರಲ್ಲಿ ನಮ್ಮ ನಾಡಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದವರು ಅಂತ ಶಾಲೆಯಲ್ಲಿ ಎಲ್ಲರೂ ಓದಿರ್ತೀವಿ. 1850ರಲ್ಲಿ ಮಂಗಳೂರಿನಿಂದ ದಾಸರ ಪದಗಳ ಪುಸ್ತಕ ತಂದವರೂ ಅವರೇ. ಬಸವಪುರಾಣ, ಜೈಮಿನಿ ಭಾರತ, ಕನಕದಾಸರ ಹರಿಭಕ್ತಿಸಾರ, ಎಲ್ಲವೂ ಅವರು ಹೊರತಂದ ಗ್ರಂಥಮಾಲೆಯಲ್ಲೇ ಅಚ್ಚಾದವು.

ಮೋಗ್ಲಿಂಗ್ ಬಂದದ್ದು ಸುವಾರ್ತೆ ಸಾರೋಕೆ. ಅದನ್ನು ಅವರು ಮುಚ್ಚಿಡಲಿಲ್ಲ. ಇಲ್ಲಿಯ ಜನರ ಮನಸ್ಸು ತಿಳಿಯಬೇಕಾದರೆ ಅವರು ಏನು ಹಾಡುತ್ತಾರೆ ಅನ್ನುವುದು ಮೊದಲು ತಿಳಿಯಬೇಕಲ್ವಾ? ಆದರೆ ಅಷ್ಟು ಪದಗಳನ್ನು ಕೂಡಿಸಿ, ತಿದ್ದಿ, ಅಚ್ಚಿಗೆ ಕೊಡುವವರು ಎಷ್ಟು ಸಲ ಅವುಗಳನ್ನು ಕೇಳಿರಬೇಕು! ವಿಠಲನ ಹೆಸರಿನಲ್ಲಿ ಮುಗಿಯುವ ಪದವೊಂದು ಅವರಿಗೆ ಮನಸಾರೆ ಹಿಡಿಸಿದಾಗ ಅವರು ಏನು ಮಾಡಿದರು? ನನಗೆ ಈ ಪ್ರಶ್ನೆ ತುಂಬಾ ಹತ್ತಿರದ್ದು. ನಾನೂ ಯೇಸುವನ್ನು ನಂಬಿದವಳು. ನನಗೂ ಆ ಪದಗಳು ಹಿಡಿಸುತ್ತವೆ.

ಈಗ ಇದನ್ನು ಬರೆಯೋಕೆ ಕಾರಣ ನಮ್ಮ ಕ್ರೈಸ್ತ ಸಭೆಯ ಒಬ್ಬ ಹುಡುಗಿ. ಮದುವೆಯಾಗಿ ಬೆಳಗಾವಿಗೆ ಬಂದು ಜಾಸ್ತಿ ದಿನ ಆಗಿಲ್ಲ. ಒಂದು ಮುಂಜಾನೆ ನಮ್ಮ ಮನೆಗೆ ಬಂದಾಗ ಮಲ್ಲಿಕಾರ್ಜುನ ಮನ್ಸೂರ ಅವರು ಹಾಡಿದ ವಚನ ನಡೆದಿತ್ತು. ಚಹಾ ಕುಡಿಯುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕೇಳಿಯೇ ಬಿಟ್ಟಳು.

"ಟೀಚರ್, ನೀವು ದಿನಾ ಇದನ್ನ ಹಚ್ಚತೀರಂತ. ಒಳಗ ಏನೂ ಅನಸಂಗಿಲ್ಲೇನ್ರಿ?"

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. ಅವಳಿಗೂ ಅಂಥ ಹಾಡು ಇಷ್ಟ, ಕೇಳಿದ ಮೇಲೆ ಪ್ರಾರ್ಥನೆಗೆ ಕೂತರೆ ಏನೋ ಒಂಥರಾ ಅನಿಸುತ್ತದೆ ಅಂದಳು. ಅವಳಿಗೆ ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಗುಳೇದಗುಡ್ಡ. ಖಣಕ್ಕೆ ಹೆಸರಾದ ಊರು. ಬಾಸೆಲ್ ಮಿಷನ್ನಿನವರು 19ನೇ ಶತಮಾನದ ನಡುವಿನಲ್ಲೇ ಅಲ್ಲಿಗೆ ಬಂದರು. ನೇಕಾರರ ಊರಿನಲ್ಲಿ ಒಂದು ಸಣ್ಣ ಸಭೆ ಬೆಳೆಯಿತು. ನಮ್ಮಪ್ಪ ಮಗ್ಗದವರು. ಭಾನುವಾರ ಆರಾಧನೆಯಲ್ಲಿ ಹಾರ್ಮೋನಿಯಂ ನುಡಿಸುವವರು. ಅಲ್ಲಿ ನಾವು ಹಾಡುತ್ತಿದ್ದ ಗೀತೆಗಳಲ್ಲಿ ಎಷ್ಟೋ ಜರ್ಮನ್ ರಾಗದವು, ಮಾತು ಮಾತ್ರ ಕನ್ನಡ. ಹೊರಗೆ ಬಂದರೆ ಊರಿನ ಗಾಳಿಯೇ ಬೇರೆ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ, ಓಣಿಯಲ್ಲಿ ಭಜನೆ. ಮೊಹರಂ ಬಂದರೆ ಹೆಜ್ಜೆ ಮೇಳ, ರಿವಾಯತ್ ಪದ. ಮುಂಜಾನೆ ಧಾರವಾಡ ಆಕಾಶವಾಣಿ. 1950ರಿಂದ ನಡೆಯುತ್ತಿರುವ ಆ ಕೇಂದ್ರ ನಮ್ಮ ಭಾಗದ ಎಷ್ಟು ಮನೆಗಳಿಗೆ ಸಂಗೀತದ ಪಾಠಶಾಲೆ ಆಯಿತು ಅನ್ನುವುದನ್ನು ಯಾರಾದರೂ ಕೂತು ಬರೆಯಬೇಕು. ಅಪ್ಪ ಮಗ್ಗಕ್ಕೆ ಕೂತು ರೇಡಿಯೋ ಹಚ್ಚುತ್ತಿದ್ದರು. ವಚನ, ದಾಸರ ಪದ, ಶರೀಫಜ್ಜನ ಪದ, ಬಂದದ್ದೆಲ್ಲ ಕೇಳುತ್ತಿದ್ದರು.

ಓಣಿಯ ಭಜನಾ ಮೇಳಕ್ಕೆ ಹಾರ್ಮೋನಿಯಂ ಬಾರಿಸುವವರು ಸಿಗದಿದ್ದರೆ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಹೋಗುತ್ತಿದ್ದರು. ಪದಗಳಿಗೆಲ್ಲ ನುಡಿಸುತ್ತಿದ್ದರು. ಬಾಯಿ ಕೂಡಿಸುತ್ತಿರಲಿಲ್ಲ. ಮಂಗಳಾರತಿ ಹೊತ್ತಿಗೆ ಎದ್ದು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಮೇಳದವರು ಅದನ್ನು ತಪ್ಪು ತಿಳಿಯುತ್ತಿರಲಿಲ್ಲ. ಆರತಿ ಮುಗಿದ ಮೇಲೆ ಯಾರಾದರೊಬ್ಬರು ಚಹಾ ತಂದು ಕೊಟ್ಟು ಅವರ ಪಕ್ಕ ಕೂರುತ್ತಿದ್ದರು. ಅಪ್ಪ ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅನ್ನುವುದು ಅವರಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ನಾನು ದೊಡ್ಡವಳಾಗಿ ಎಷ್ಟೋ ದೇವಶಾಸ್ತ್ರದ ಪುಸ್ತಕ ಓದಿದ ಮೇಲೂ ಈ ವಿಷಯದಲ್ಲಿ ಅದಕ್ಕಿಂತ ಸ್ಪಷ್ಟವಾದದ್ದನ್ನು ಕಂಡಿಲ್ಲ.

ನನ್ನಂತೆ ಇಂಥ ಹಾಡು ಕೇಳುವ ಕ್ರೈಸ್ತರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಒಂದೇ ಉತ್ತರ ಕೊಡುತ್ತಾರೆ. "ನಾನು ರಾಗ ಅಷ್ಟೇ ಕೇಳ್ತೀನಿ, ಅರ್ಥಕ್ಕೆ ತಲೆ ಕೊಡಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನಗೆ ಈ ಉತ್ತರ ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಇದು ನಿಜ ಅಲ್ಲ. ಕನ್ನಡ ಗೊತ್ತಿದ್ದವರಿಗೆ ವಚನದ ಮಾತು ಕೇಳದೆ ರಾಗ ಮಾತ್ರ ಕೇಳೋಕೆ ಬರುವುದೇ ಇಲ್ಲ. ಆ ರಾಗ ಹಾಗೆ ಬಾಗಿದ್ದೇ ಮಾತಿನ ಭಾರಕ್ಕೆ. ಎರಡನೆಯದು, ಇದು ಆ ಹಾಡಿಗೆ ಮಾಡುವ ಅವಮಾನ. ಹಾಡಿದವರು ಕಣ್ಣು ಮುಚ್ಚಿ ತಮ್ಮ ದೇವರನ್ನು ಕರೆಯುತ್ತಿದ್ದಾರೆ. ನಾನು ಆ ದೇವರನ್ನು ಹಾಡಿನಿಂದ ಹೊರಗೆ ತೆಗೆದು, ಉಳಿದದ್ದು ನನಗೆ ಸಾಕು ಅಂದರೆ ಏನು ಅರ್ಥ? ನಮ್ಮ ಗೀತೆಯೊಂದನ್ನು ಯಾರಾದರೂ ಹಾಗೆ ಕೇಳಿ, ಟ್ಯೂನ್ ಚೆನ್ನಾಗಿದೆ, ಆ ಶಿಲುಬೆ ಗಿಲುಬೆ ಮಾತು ಬಿಡಿ ಅಂದರೆ ನನಗೆ ನೋವಾಗುತ್ತದೆ.

ಮೂರನೆಯ ಕಾರಣ ಹಳೆಯದು. ಹಿಪ್ಪೋದ ಬಿಷಪ್ ಆಗಿದ್ದ ಸಂತ ಅಗಸ್ಟಿನ್ ಇದೇ ವಿಷಯದಲ್ಲಿ ಎಷ್ಟು ಒದ್ದಾಡಿದ್ದರು ಅಂದರೆ, ತಮ್ಮ ಬದುಕಿನ ಅರಿಕೆಯ ಪುಸ್ತಕದ 10ನೇ ಭಾಗದಲ್ಲಿ ಅದಕ್ಕೇ ಜಾಗ ಕೊಟ್ಟಿದ್ದಾರೆ. ಸುಮಾರು ಕ್ರಿ.ಶ. 400ರ ಮಾತು. ಹೊಸದಾಗಿ ನಂಬಿಕೆಗೆ ಬಂದಾಗ ಮಿಲಾನಿನ ಸಭೆಯ ಹಾಡುಗಳನ್ನು ಕೇಳಿ ಅವರು ಅತ್ತವರು. ಆ ಕಣ್ಣೀರು ತಮಗೆ ಒಳ್ಳೆಯದು ಮಾಡಿತು ಅಂತಲೂ ನೆನೆಯುತ್ತಾರೆ. ಆದರೂ ಹೆದರುತ್ತಾರೆ. ಹಾಡಿದ ವಿಷಯಕ್ಕಿಂತ ಹಾಡಿಕೆಯೇ ತಮ್ಮನ್ನು ಹೆಚ್ಚು ಅಲುಗಾಡಿಸಿದರೆ ಅದು ಪಾಪ, ಅಂಥ ಹೊತ್ತಿನಲ್ಲಿ ಹಾಡು ಕೇಳದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನುತ್ತಾರೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬೈಬಲಿನ ಕೀರ್ತನೆಗಳನ್ನು ಹಾಡಿನಂತೆ ಅಲ್ಲ, ಮಾತಿಗೆ ಹತ್ತಿರವಾಗಿ ಓದಿಸುತ್ತಿದ್ದರಂತೆ, ಅದೇ ಸುರಕ್ಷಿತವೇನೋ ಅಂತಲೂ ಯೋಚಿಸುತ್ತಾರೆ.

ಗಮನಿಸಿ. ನಾವು ಇವತ್ತು ತಪ್ಪಿಸಿಕೊಳ್ಳೋಕೆ ಹೇಳುವ ಮಾತು ಅಗಸ್ಟಿನ್ ಅವರಿಗೆ ಅಪಾಯವಾಗಿ ಕಂಡಿತ್ತು. 'ರಾಗ ಅಷ್ಟೇ' ಅನ್ನುವುದು ನಮಗೆ ಸಮಾಧಾನ, ಅವರಿಗೆ ಭಯ. ಅದೂ ಬೇರೆಯವರ ಹಾಡಿಗೆ ಅಲ್ಲ, ತಮ್ಮದೇ ಸಭೆಯ ಕೀರ್ತನೆಗೆ! ಅರ್ಥ ಬಿಟ್ಟು ಇಂಪನ್ನು ಮಾತ್ರ ಬಯಸುವ ಕಿವಿ ದೇವರ ಹಾಡನ್ನೂ ಬರೀ ತಿಂಡಿ ಮಾಡಿಕೊಂಡುಬಿಡುತ್ತದೆ ಅನ್ನುವುದು ಅವರ ಕಳವಳ. ಈ ಭಯ ಮುಂದೆಯೂ ಎಷ್ಟೋ ಸಲ ಬಂತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸುಧಾರಕ ಜ್ವಿಂಗ್ಲಿ ಆರಾಧನೆಯಿಂದ ಸಂಗೀತವನ್ನೇ ತೆಗೆದರು. 1527ರಲ್ಲಿ ಅಲ್ಲಿಯ ದೊಡ್ಡ ದೇವಾಲಯದ ಆರ್ಗನ್ ಒಡೆದು ಹಾಕಿದರು. ಜ್ವಿಂಗ್ಲಿ ಸ್ವತಃ ಹಲವು ವಾದ್ಯ ನುಡಿಸಬಲ್ಲವರಾಗಿದ್ದರು. ಸಂಗೀತ ಗೊತ್ತಿಲ್ಲದವರು ಸಂಗೀತಕ್ಕೆ ಅಷ್ಟು ಹೆದರುವುದಿಲ್ಲ. ಅದೇ ದೇಶದ ಬಾಸೆಲ್ ಊರಿನ ಮಿಷನ್ ನಮ್ಮಪ್ಪನ ಕೈಗೆ ಹಾರ್ಮೋನಿಯಂ ತಲುಪಿಸಿತು ಅನ್ನುವುದು ನೆನೆದಾಗೆಲ್ಲ ನನಗೆ ಕೃತಜ್ಞತೆ ಉಕ್ಕುತ್ತದೆ.

ಹಾಗಾದರೆ ಅರ್ಥ ತಿಳಿದೇ, ದೇವರ ಹೆಸರು ಕೇಳಿಯೇ, ನಾನು ವಚನ ಹೇಗೆ ಕೇಳುತ್ತೇನೆ?

ಬಸವಣ್ಣನವರ ಒಂದು ವಚನ ಇದೆ. ನಂಬಿದ ಹೆಂಡತಿಗೆ ಗಂಡ ಒಬ್ಬನೇ, ಹಾಗೆಯೇ ನಂಬಿದ ಭಕ್ತನಿಗೆ ದೇವನೊಬ್ಬನೇ ಅನ್ನುತ್ತದೆ. ಬೇರೆ ದೈವದ ಸಂಗ ಬೇಡವೇ ಬೇಡ, ಅದು ಹಾದರ ಅನ್ನುವಷ್ಟು ಖಾರವಾಗಿ ಹೇಳುತ್ತದೆ. ಬೈಬಲ್ ಓದುವವರಿಗೆ ಇದು ಎಲ್ಲಿಯೋ ಕೇಳಿದ ಮಾತು ಅನಿಸದೆ ಇರದು. ಪ್ರವಾದಿ ಹೋಶೇಯ ಇದನ್ನೇ ಹೇಳಿದ್ದ. ಇಸ್ರಾಯೇಲ್ಯರು ಬಾಳ ಅನ್ನುವ ಬೇರೆ ದೇವರ ಬೆನ್ನು ಹತ್ತಿದಾಗ, ಗಂಡನನ್ನು ಬಿಟ್ಟು ಹೋದ ಹೆಂಡತಿಯ ಕಥೆಯಾಗಿ ಅದನ್ನು ಅವನು ಕಂಡ. ಹೋಶೇಯನಿಗೂ ಬಸವಣ್ಣನವರಿಗೂ ನಡುವೆ ಸುಮಾರು 2000 ವರ್ಷ. ಒಬ್ಬರ ಹೆಸರು ಇನ್ನೊಬ್ಬರಿಗೆ ತಲುಪಿದ್ದಿರಲಾರದು.

ಇಲ್ಲಿ ಜನ ಬೇಗ ಒಂದು ಮಾತು ಹೇಳಿ ಮುಗಿಸುತ್ತಾರೆ. "ನೋಡಿ, ಎಲ್ಲಾ ಒಂದೇ." ನನಗೆ ಹಾಗೆ ಅನಿಸುವುದಿಲ್ಲ. ಬಸವಣ್ಣನವರ ಆ ವಚನದ ಪ್ರಕಾರ 'ಬೇರೆ ದೈವ' ಯಾವುದು? ಕೂಡಲಸಂಗಮದೇವನ ಹೊರತು ಎಲ್ಲವೂ. ಅದರಲ್ಲಿ ನಾನು ನಂಬಿದ ಕರ್ತನೂ ಸೇರುತ್ತಾನೆ. ಹೋಶೇಯನ ಪ್ರಕಾರ ಕೂಡಲಸಂಗಮದೇವನೂ ಹೊರಗೇ. ಈ ಇಬ್ಬರನ್ನೂ ಒಂದೇ ಮಾಡಿದರೆ ಇಬ್ಬರೂ ಹೇಳಿದ್ದನ್ನು ಕೇಳಿಸಿಕೊಂಡಂತೆ ಆಗುವುದಿಲ್ಲ. ಅವರಿಬ್ಬರೂ ಒಪ್ಪುವುದು ಒಂದೇ: ಪ್ರೀತಿ ಪಾಲು ಮಾಡಿಕೊಡುವ ವಸ್ತುವಲ್ಲ. ಆ ವಚನವನ್ನು ಕೇಳುವಾಗ ನನಗೆ ಮೈ ಜುಂ ಅನ್ನುತ್ತದೆ. ಅದು ನನ್ನ ಪರವಾಗಿ ಇಲ್ಲ ಅನ್ನುವುದು ಗೊತ್ತಿದ್ದೂ ಜುಂ ಅನ್ನುತ್ತದೆ. ತನ್ನ ದೇವರನ್ನು ಅಷ್ಟು ಗಟ್ಟಿಯಾಗಿ ಹಿಡಿದವರನ್ನು ಕಂಡರೆ ನಾನು ನನ್ನ ಕರ್ತನನ್ನು ಎಷ್ಟು ಸಡಿಲವಾಗಿ ಹಿಡಿದಿದ್ದೇನೆ ಅನ್ನುವುದು ಕಾಣುತ್ತದೆ. ಚರ್ಚಿನಲ್ಲಿ ಕೇಳಿದ ಎಷ್ಟೋ ಪ್ರಸಂಗಗಳು ಮಾಡದ ಕೆಲಸವನ್ನು ಆ ಒಂದು ವಚನ ನನ್ನಲ್ಲಿ ಮಾಡಿದೆ.

ಕೂಡಲಸಂಗಮ ನಮ್ಮ ಬಾಗಲಕೋಟೆ ಜಿಲ್ಲೆಯದೇ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತು ಹುಡುಗಿಯೊಬ್ಬಳು ಸುಮ್ನೆ ತನ್ನಷ್ಟಕ್ಕೆ ವಚನ ಹಾಡುತ್ತಿದ್ದಳು. ನಾನು ಕೇಳಿದೆ. ಬೀಗರ ಮನೆಗೆ ಹೋದವರು ಅಲ್ಲಿಯ ಊಟ ಮನಸಾರೆ ಉಂಡು, ದೇವರ ಜಗಲಿಯ ಹತ್ತಿರ ಮಾತ್ರ ತಮ್ಮ ಮನೆಯಂತೆ ಓಡಾಡದೆ ಇರುತ್ತಾರಲ್ಲ, ಹಾಗೆ ಕೇಳಿದೆ. ಹಾಡು ಅವರದು. ಅದನ್ನು ನನ್ನದು ಮಾಡಿಕೊಳ್ಳುವ ಅವಸರ ನನಗಿಲ್ಲ. ಕೂಡಲಸಂಗಮ ಅನ್ನುವ ಕಡೆ ಯೇಸು ಅಂತ ಸೇರಿಸಿ ಹಾಡುವವರನ್ನೂ ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ.

ನಮ್ಮ ಹಿರಿಯರು ಬೇರೆ ದಾರಿಯನ್ನೂ ಹುಡುಕಿದ್ದರು, ಅದನ್ನೂ ಹೇಳಬೇಕು. ನಿಘಂಟಿನ ಕಿಟ್ಟೆಲ್ ಅವರು 1862ರಲ್ಲೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದರು. ಅಂದರೆ ಇನ್ನೊಬ್ಬರ ಪದ ತೆಗೆದುಕೊಳ್ಳಲಿಲ್ಲ, ಈ ನೆಲದ ಕುಣಿತವನ್ನು ಕಲಿತು ತಮ್ಮ ಪದ ತಾವು ಕಟ್ಟಿದರು. ಅದು ಪ್ರಾಮಾಣಿಕ ಕೆಲಸ. ಅಂಥದ್ದು ಇನ್ನೂ ಜಾಸ್ತಿ ಆಗಬೇಕಿತ್ತು.

ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರಿದ ಅಪೊಸ್ತಲ ಪೌಲನ ಮಾತು ಬರದೆ ಈ ಚರ್ಚೆ ನಮ್ಮಲ್ಲಿ ಮುಗಿಯುವುದಿಲ್ಲ. ಗ್ರೀಸಿನ ಅಥೇನೆಯಲ್ಲಿ ನಿಂತು ಮಾತಾಡುವಾಗ ಅವನು ಗ್ರೀಕ್ ಕವಿಯ ಒಂದು ಸಾಲು ಹೇಳುತ್ತಾನೆ, ನಾವು ಆತನ ಸಂತಾನ ಅನ್ನುವ ಅರ್ಥದ ಸಾಲು. ಬೈಬಲಿನ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿದೆ. ಆ ಸಾಲು ಅರಾಟಸ್ ಅನ್ನುವ ಕವಿಯದು. ಅವನೂ ಪೌಲನಂತೆ ಕಿಲಿಕ್ಯ ಸೀಮೆಯವನೇ. ಆ ಪದ್ಯದಲ್ಲಿ 'ಆತ' ಅಂದರೆ ಜ್ಯೂಸ್ ದೇವರು! ಸಾಲು ಎಲ್ಲಿಯದು ಅನ್ನುವುದನ್ನು ಪೌಲ ಮರೆಮಾಚಲಿಲ್ಲ. ನಿಮ್ಮ ಕವಿಗಳೇ ಹೇಳಿದ್ದಾರೆ ಅಂತ, ಅದು ಅವರದು ಅಂತ ಹೇಳಿಯೇ ಎತ್ತಿಕೊಂಡ. ಅಷ್ಟೇ ಅಲ್ಲ, ಆ ಸಾಲು ಅವನ ಬಾಯಿಗೆ ಬರಬೇಕಾದರೆ ಅದನ್ನು ಎಂದೋ ಓದಿರಬೇಕು, ಕೇಳಿರಬೇಕು, ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಇನ್ನೊಂದು ವಿಷಯ ಹೇಳುತ್ತಾನೆ. ವಿಗ್ರಹಕ್ಕೆ ನೈವೇದ್ಯ ಮಾಡಿದ ಮಾಂಸ ಸಂತೆಯಲ್ಲಿ ಸಿಗುತ್ತಿತ್ತು. ತಿನ್ನಬಹುದಾ? ತಿನ್ನಿ, ಎಲ್ಲಿಂದ ಬಂತು ಅಂತ ಕೆದಕಬೇಡಿ ಅನ್ನುತ್ತಾನೆ. ಆದರೆ ನೀನು ತಿನ್ನುವುದರಿಂದ ಇನ್ನೊಬ್ಬರ ಮನಸ್ಸಾಕ್ಷಿಗೆ ಪೆಟ್ಟು ಬಿದ್ದರೆ ತಿನ್ನಬೇಡ. ಅಂಥ ಸಂದರ್ಭದಲ್ಲಿ ತಾನು ಎಂದಿಗೂ ಮಾಂಸ ಮುಟ್ಟುವುದಿಲ್ಲ ಅನ್ನುತ್ತಾನೆ.

ಈ ಮಾತನ್ನು ನಾನು ತುಂಬಾ ದಿನ ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ. ಅದು ಎದೆಗೆ ತಾಗಿದ್ದು ಚೌಡಕಿ ಪದದಿಂದ.

ಬೆಳಗಾವಿ ಜಿಲ್ಲೆಯವರಿಗೆ ಸವದತ್ತಿ ಎಲ್ಲಮ್ಮನ ಗುಡ್ಡದ ಬಗ್ಗೆ ಹೇಳಬೇಕಾದ್ದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಉಧೋ ಉಧೋ ಅನ್ನುತ್ತಾ ಬಂಡಿ, ಲಾರಿ, ಬಸ್ಸುಗಳಲ್ಲಿ ಜನ ಹೋಗುವುದನ್ನು ನೋಡಿಯೇ ಬೆಳೆದಿರುತ್ತೇವೆ. ಆ ದೇವಿಯ ಕಥೆಯನ್ನು ಜೋಗತಿಯರು ಚೌಡಕಿ ಹಿಡಿದು ಹಾಡುತ್ತಾರೆ. ಒಂದೇ ತಂತಿಯ ವಾದ್ಯ. ಆ ತಂತಿಯ ಗುಂಯ್ ಅನ್ನುವ ದನಿ ಹೊಟ್ಟೆಯೊಳಗಿಂದ ಬರುತ್ತದೆ. ರೇಣುಕೆ, ಜಮದಗ್ನಿ, ತಾಯಿಯ ತಲೆ ಕಡಿದ ಪರಶುರಾಮ. ಇಷ್ಟು ದುಃಖ ಇರುವ ಹಾಡನ್ನು ನಾನು ಬೇರೆಲ್ಲೂ ಕೇಳಿಲ್ಲ. 2021ರ ಸಾಲಿನಲ್ಲಿ ಜೋಗತಿ ಮಂಜಮ್ಮ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷ ಆಗಿತ್ತು. ಆ ಪದಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಅಡುಗೆ ಮಾಡುವಾಗ ಕೇಳುತ್ತೇನೆ.

ನಮ್ಮ ಪ್ರಾರ್ಥನಾ ಕೂಟಕ್ಕೆ ಬರುವ ಒಬ್ಬ ಅಕ್ಕನ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿದ ಮೇಲೆ ಆ ಮಗುವಿನ ಬದುಕು ಏನಾಗುತ್ತಿತ್ತು ಅನ್ನುವುದು ನಮ್ಮ ಭಾಗದವರಿಗೆಲ್ಲ ಗೊತ್ತು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾನೂನು ಮಾಡಿತು. ಕಾನೂನು ಬಂದ ದಿನವೇ ನೋವು ಹೋಗುವುದಿಲ್ಲ. ಆ ಅಕ್ಕನಿಗೆ ಚೌಡಕಿಯ ದನಿ ಅಂದರೆ ತಾಯಿಯ ಬದುಕು. ಎಲ್ಲಿಯಾದರೂ ಕೇಳಿದರೆ ಕೈ ನಡುಗುತ್ತದೆ ಅಂತ ಒಮ್ಮೆ ಹೇಳಿದರು. ಯೇಸುವಿನ ಬಳಿಗೆ ಬಂದದ್ದು ಅವರಿಗೆ ಆ ದನಿಯಿಂದ ಬಿಡುಗಡೆ.

ಪೌಲ ಇಂಥವರನ್ನು 'ಬಲಹೀನ ಮನಸ್ಸಾಕ್ಷಿ'ಯವರು ಅನ್ನುತ್ತಾನೆ. ಇಲ್ಲಿ ಮಾತ್ರ ನನಗೆ ಆ ಪದ ಬಳಸೋಕೆ ಮನಸ್ಸು ಬರುವುದಿಲ್ಲ. ಆ ಅಕ್ಕ ಬಲಹೀನರಲ್ಲ. ನಾನು ಹಾಡಿನಲ್ಲಿ ಕೇಳುವ ದುಃಖವನ್ನು ಅವರು ಬದುಕಿದವರು. ನನಗೆ ಆ ಪದ ಕಲೆ, ಅವರಿಗೆ ಅದು ಮನೆ. ಸಂಗೀತಕ್ಕೆ ಧರ್ಮವಿಲ್ಲ ಅಂತ ಸುಲಭವಾಗಿ ಹೇಳುವವರು ಆ ಅಕ್ಕನ ಎದುರು ಕೂತು ಒಂದು ಸಲ ಅದೇ ಮಾತು ಹೇಳಿ ನೋಡಲಿ. ಹಾಡಿನ ಹಿಂದೆ ಒಂದು ನಂಬಿಕೆ ಇರುತ್ತದೆ, ನಂಬಿಕೆಯ ಹಿಂದೆ ಜನ ಇರುತ್ತಾರೆ, ಕೆಲವು ಸಲ ಆ ಜನರಲ್ಲಿ ಯಾರಿಗೋ ಅನ್ಯಾಯ ಆಗಿರುತ್ತದೆ. ಅವರು ಬರುವ ದಿನ ನಮ್ಮ ಮನೆಯಲ್ಲಿ ಚೌಡಕಿ ಪದ ಇರುವುದಿಲ್ಲ. ಇದಕ್ಕೆ ನನಗೆ ಯಾವ ಕಟ್ಟಳೆಯೂ ಬೇಕಾಗಿಲ್ಲ.

ಆದರೆ ಅದಕ್ಕಾಗಿ ಆ ಪದಗಳನ್ನೇ ಬಿಟ್ಟುಬಿಡಬೇಕಾ? ಒಮ್ಮೆ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಕೂಟದಲ್ಲಿ ಹೇಳಿದರು, ಬೇರೆ ದೇವರ ಹಾಡು ಇರುವ ಮನೆಯಲ್ಲಿ ದುರಾತ್ಮಕ್ಕೆ ಬಾಗಿಲು ತೆರೆದಂತೆ ಅಂತ. ಕೂಟ ಮುಗಿದ ಮೇಲೆ ಆ ಅಕ್ಕನೇ ನನ್ನ ಹತ್ತಿರ ಬಂದರು. "ನಮ್ಮವ್ವ ಹಾಡ್ತಿದ್ಲಲ್ಲ, ಆಕಿ ಒಳಗ ದೆವ್ವ ಇರಲಿಲ್ಲ ಟೀಚರ್. ಆಕಿ ಅಳತಿದ್ಲು, ಅಷ್ಟ." ಅಂದರು. ಹಾಡು ಕೇಳಲಾರದ ಅವರೇ ಹಾಡಿದವರ ಪರ ನಿಂತಿದ್ದರು. ನನ್ನ ಯೋಚನೆಗೆ ಅವತ್ತಿನಿಂದ ಒಂದು ಗಟ್ಟಿ ನೆಲ ಸಿಕ್ಕಿತು.

ನಮ್ಮ ಸೀಮೆಯಲ್ಲಿ ಈ ಸಂಕಟ ಕ್ರೈಸ್ತರಿಗೆ ಮಾತ್ರ ಬಂದದ್ದಲ್ಲ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದ ಮುಸ್ಲಿಂ ಸುಲ್ತಾನ. ಅವನ 'ಕಿತಾಬ್-ಎ-ನವರಸ್' ದಖನಿ ಭಾಷೆಯ ಹಾಡುಗಳ ಪುಸ್ತಕ, ರಾಗಗಳ ಹೆಸರಿನಡಿ ಜೋಡಿಸಿದ್ದು. ಅದರಲ್ಲಿ ಸರಸ್ವತಿಗೆ, ಗಣಪತಿಗೆ ಸ್ತುತಿ ಇದೆ. ಕಲಬುರಗಿಯ ಬಂದೇನವಾಜರಿಗೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ ಅವನನ್ನು ಜನ ಜಗದ್ಗುರು ಅಂತ ಕರೆದರು. ಇಬ್ರಾಹಿಂ ರೋಜಾ ನೋಡೋಕೆ ಹೋದಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ಆ ಸುಲ್ತಾನ ದಾಟಿದ ಗೆರೆಯನ್ನು ನಾನು ದಾಟಲಾರೆ. ಸರಸ್ವತಿಯ ಸ್ತುತಿ ನನ್ನ ಬಾಯಿಂದ ಬರುವುದಿಲ್ಲ. ಆದರೆ ಅವನ ಸಮಾಧಿಯ ಗೋಡೆಯ ಮೇಲೆ ಕೆತ್ತಿದ ಅಕ್ಷರಗಳನ್ನು ನೋಡುತ್ತಾ, ಹಾಡಿನ ಮೇಲೆ ಆ ಮನುಷ್ಯನಿಗೆ ಎಷ್ಟು ಪ್ರೀತಿ ಇತ್ತು ಅಂತ ಬೆರಗಾಯಿತು.

ಹಿಂದೂಸ್ತಾನಿಯಲ್ಲಂತೂ ಇದು ದಿನದ ಮಾತು. ನಮಾಜು ತಪ್ಪಿಸದ ಉಸ್ತಾದರು ಕೃಷ್ಣನ ಬಂದಿಶ್ ಹಾಡಿದರು. ಅವರಿಂದ ಕಲಿತವರು ನಮ್ಮ ಲಿಂಗಾಯತ, ಬ್ರಾಹ್ಮಣ ಮನೆಗಳ ಹುಡುಗರು. ಮನ್ಸೂರರಿಗೆ ಗುರುಗಳಾದವರು ಮಂಜಿಖಾನ್, ಬುರ್ಜಿಖಾನ್. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕಬೀರನ ನಿರ್ಗುಣ ಪದಗಳನ್ನು ಮನೆಮನೆಗೆ ತಲುಪಿಸಿದರು. ನಮ್ಮ ಸಭೆಗಳೂ ಇದರಿಂದ ಹೊರಗಿಲ್ಲ. 1906ರ ಇಂಗ್ಲಿಷ್ ಗೀತಪುಸ್ತಕವೊಂದಕ್ಕೆ ಸಂಗೀತ ಸಂಪಾದಕರಾಗಿದ್ದ ವಾನ್ ವಿಲಿಯಮ್ಸ್ ಅವರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಅವರು ಕಟ್ಟಿದ ರಾಗಕ್ಕೆ ಇವತ್ತೂ ದೇವಾಲಯಗಳಲ್ಲಿ ಜನ ಎದ್ದು ನಿಂತು ಹಾಡುತ್ತಾರೆ.

ಇಷ್ಟು ಹೊತ್ತು ನಾನು ಹೇಳಿದ್ದು ನನ್ನ ನಂಬಿಕೆಗೆ ಬೇರೆಯಾದ ಹಾಡುಗಳ ಬಗ್ಗೆ. ನನ್ನ ನಂಬಿಕೆಯನ್ನೇ ಬೈಯುವ ಹಾಡು ಬಂದರೆ? ಈ ಪ್ರಶ್ನೆ ನನ್ನ ಅಣ್ಣನ ಮಗನದು. ಬೆಳಗಾವಿಯಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಭಾನುವಾರ ಆರಾಧನೆಯಲ್ಲಿ ಗಿಟಾರ್ ಹಿಡಿಯುತ್ತಾನೆ, ಉಳಿದ ದಿನ ಹೆವಿ ಮೆಟಲ್. ನನಗೆ ಆ ಸಂಗೀತ ಗೊತ್ತಿರಲಿಲ್ಲ. ಅವನೇ ಕೂರಿಸಿಕೊಂಡು ಕೇಳಿಸಿದ. ಕೇಳುತ್ತಾ ಹೋದಂತೆ ಅದರ ಗದ್ದಲದೊಳಗೆ ಎಷ್ಟು ಶಿಸ್ತು ಇದೆ ಅನ್ನುವುದು ತಿಳಿಯಿತು.

ಅವನು ಹೇಳಿದ ಕೆಲವು ಸಂಗತಿಗಳು ನನ್ನನ್ನು ತುಂಬಾ ಯೋಚನೆಗೆ ಹಚ್ಚಿದವು. ಸ್ಲೇಯರ್ ಅಂತ ಒಂದು ತಂಡ. ದೇವರನ್ನು ಹೀಯಾಳಿಸುವ ಹಾಡುಗಳಿಗೇ ಹೆಸರಾದದ್ದು. ಅದರ ಹಾಡುಗಾರ ಟಾಮ್ ಅರಾಯಾ ಕ್ಯಾಥೊಲಿಕ್, ತಾನು ನಂಬುವವನು ಅಂತ ಬಹಿರಂಗವಾಗಿ ಹೇಳಿದವರು. ಹಾಡು ಬೇರೆ, ತನ್ನ ನಂಬಿಕೆ ಬೇರೆ ಅನ್ನುವುದು ಅವರ ನಿಲುವು. ಐರನ್ ಮೇಡನ್ ತಂಡದ ಡ್ರಮ್ಮರ್ ನಿಕೊ ಮೆಕ್‌ಬ್ರೈನ್ 1999ರಲ್ಲಿ ಯೇಸುವನ್ನು ನಂಬಿದರು. ಅವರ ತಂಡಕ್ಕೆ 1982ರದೊಂದು ಹಾಡು ಇದೆ, ಬೈಬಲಿನ ಪ್ರಕಟಣೆ ಪುಸ್ತಕದ ಮೃಗದ ಸಂಖ್ಯೆಯ ಮೇಲೆ. ಆಗ ಅಮೆರಿಕದಲ್ಲಿ ಕೆಲವು ಕ್ರೈಸ್ತರು ಆ ಆಲ್ಬಂ ಸುಟ್ಟಿದ್ದರು. ನಂಬಿಕೆಗೆ ಬಂದ ಮೇಲೂ ಮೆಕ್‌ಬ್ರೈನ್ 2024ರ ಕೊನೆಯವರೆಗೆ ಆ ಹಾಡಿಗೆ ಡ್ರಮ್ ಬಾರಿಸಿದರು. ಮೆಗಾಡೆತ್ ತಂಡದ ಡೇವ್ ಮಸ್ಟೇನ್ ಇನ್ನೊಂದು ಥರ. ಕ್ರೈಸ್ತರಾದ ಮೇಲೆ ಅವರು, ಕ್ರಿಸ್ತನನ್ನು ಹೀಯಾಳಿಸುವ ಹೆಸರಿನ ತಂಡದ ಜೊತೆ ವೇದಿಕೆ ಹಂಚಿಕೊಳ್ಳಲ್ಲ ಅಂದರು. ಮಾಟದ ವಿಷಯ ಇದ್ದ ತಮ್ಮದೇ ಹಳೆಯ ಹಾಡೊಂದನ್ನು ಹಲವು ವರ್ಷ ನುಡಿಸಲಿಲ್ಲ. 2018ರಲ್ಲಿ ಅದನ್ನು ಮತ್ತೆ ಎತ್ತಿಕೊಂಡರು.

ಮೂವರಲ್ಲಿ ನನಗೆ ಮಸ್ಟೇನ್ ಹತ್ತಿರ ಅನಿಸಿದರು. ಗೆರೆ ಎಳೆದರು, ಅಳಿಸಿದರು, ಮತ್ತೆ ನೋಡಿದರು. ಅರಾಯಾ ಅವರ ನಿಲುವು ನನಗೆ ಕಷ್ಟ. ನನ್ನ ಕರ್ತನನ್ನು ಹಳಿಯುವ ಮಾತನ್ನು ನನ್ನ ನಾಲಿಗೆಯಿಂದ ಹಾಡಿ, ಅದು ಬರೀ ಹಾಡು ಅನ್ನೋಕೆ ನನ್ನಿಂದ ಆಗದು. ಅದೂ 'ರಾಗ ಅಷ್ಟೇ' ಅನ್ನುವ ಮಾತಿನ ಇನ್ನೊಂದು ರೂಪವೇ. ಆದರೆ ಅಂಥ ಹಾಡಿನ ಸಿಟ್ಟನ್ನು ಕೇಳಿಸ್ಕೋಬಾರದು ಅಂತ ನಾನು ಹೇಳಲ್ಲ. ಯೋಬನ ಪುಸ್ತಕದಲ್ಲಿ ದೇವರ ಮೇಲಿನ ಸಿಟ್ಟು ಇದೆ. ಕೀರ್ತನೆಗಳಲ್ಲೂ ಇದೆ. ಚರ್ಚಿನಿಂದ ಗಾಯ ಆದವರು ಎಷ್ಟೋ ಜನ ಇದ್ದಾರೆ, ಅವರ ಕೂಗು ಕೇಳೋಕೆ ನಮಗೆ ಬೇರೆ ಜಾಗ ಎಲ್ಲಿದೆ?

"ಅತ್ತಿ, ಹಂಗಾದ್ರ ನಾ ಏನ್ ಮಾಡ್ಲಿ? ಆ ಹಾಡಿನ್ಯಾಗ ಗಿಟಾರ್ ಭಾಳ ಛಲೋ ಐತಿ" ಅಂದ ಹುಡುಗ. ಬೆಂಗಳೂರಿಗೆ ಇಂಥದ್ದೇ ಒಂದು ತಂಡ ಬರುವ ಸುದ್ದಿ ಇದೆಯಂತೆ, ಗೆಳೆಯರ ಜೊತೆ ಹೋಗಬೇಕಂತೆ. ಅವನ ತಾಯಿ, ನಮ್ಮ ವೈನಿಗೆ ಸುತರಾಂ ಒಪ್ಪಿಗೆಯಿಲ್ಲ. ಅವಳ ಹೆದರಿಕೆಯನ್ನು ನಾನು ಹಗುರವಾಗಿ ತಗೊಳ್ಳಲ್ಲ. ಮಗ ಏನು ಕೇಳುತ್ತಾನೋ ಅದೇ ಆಗುತ್ತಾನೆ ಅಂತ ತಾಯಿಗೆ ಅನಿಸುವುದು ಸಹಜ.

ನಾನು ಅವನಿಗೆ ಅವನ ಅಜ್ಜ ಮಂಗಳಾರತಿ ಹೊತ್ತಿಗೆ ಎದ್ದು ಹೋಗುತ್ತಿದ್ದದ್ದನ್ನು ಹೇಳಿದೆ. ಅವನಿಗೆ ಅದು ಗೊತ್ತೇ ಇರಲಿಲ್ಲ. ಎಲ್ಲಿ ಕೂರಬೇಕು, ಎಲ್ಲಿ ಏಳಬೇಕು ಅನ್ನುವುದನ್ನು ಹೋಗುವ ಮುಂಚೆಯೇ ಯೋಚನೆ ಮಾಡು ಅಂದೆ. ಎರಡು ದಿನ ಬಿಟ್ಟು ಒಂದು ಪಟ್ಟಿ ತಂದ. ಆ ತಂಡದ ಹಾಡುಗಳಲ್ಲಿ ಯಾವುದಕ್ಕೆ ದನಿ ಕೂಡಿಸ್ತೀನಿ, ಯಾವುದಕ್ಕೆ ಸುಮ್ಮನೆ ನಿಲ್ತೀನಿ, ಯಾವ ಒಂದಕ್ಕೆ ಹೊರಗೆ ನೀರು ಕುಡಿಯೋಕೆ ಹೋಗ್ತೀನಿ ಅಂತ ಬರೆದಿದ್ದ. ಒಂದೊಂದರ ಪಕ್ಕ ಕಾರಣವೂ ಇತ್ತು. ಎರಡು ಕಡೆ ನಾನು ಒಪ್ಪಲಿಲ್ಲ, ವಾದ ಆಯಿತು. ಒಂದರಲ್ಲಿ ಅವನು ಸರಿ ಅಂತ ನನಗೇ ಅನಿಸಿತು. ಇನ್ನೊಂದು ಹಾಡಿನ ಮಾತನ್ನು ಮತ್ತೊಮ್ಮೆ ಪೂರ್ತಿ ಓದಿ ಬರ್ತೀನಿ ಅಂದಿದ್ದಾನೆ. ಆ ಪಟ್ಟಿಯನ್ನು ಈಗ ವೈನಿಗೆ ಕೊಟ್ಟಿದ್ದೇವೆ. ಅವಳು ಇನ್ನೂ ಓದುತ್ತಿದ್ದಾಳೆ.